ಡಿಗ್ರಿ ಓದು, ಹೊಟ್ಟೆಪಾಡು ಮತ್ತು ವಾರದ ಲೆಕ್ಕ

ಆಷಾಢದಲ್ಲಿ ಮದುವೆಗಳಿಲ್ಲದೆ ಛತ್ರದವರು, ಹೂವಿನವರು, ವಾಲಗದವರು ಕೈಕಟ್ಟಿ ಕೂರುತ್ತಾರೆಂಬುದು ಮೈಸೂರಿನಲ್ಲಿ ಎಲ್ಲರಿಗೂ ಗೊತ್ತು. ಅದರ ಬಿಸಿ ಪಡುವಾರಹಳ್ಳಿಯ ರೂಮುಗಳಿಗೂ ತಟ್ಟುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮಾನಸಗಂಗೋತ್ರಿಗೂ ಮಹಾರಾಜ ಕಾಲೇಜಿಗೂ ನಡೆದು ಹೋಗುವಷ್ಟು ಹತ್ತಿರದ ಈ ಜಾಗದಲ್ಲಿ ಎಚ್.ಡಿ. ಕೋಟೆ, ಹುಣಸೂರು, ಕೊಳ್ಳೇಗಾಲ, ಗುಂಡ್ಲುಪೇಟೆ ಕಡೆಯ ಹುಡುಗರು ಮೂವರು ನಾಲ್ವರು ಸೇರಿ ಒಂದೊಂದು ರೂಮು ಹಿಡಿದಿರುತ್ತಾರೆ. ಅವರಲ್ಲಿ ಎಷ್ಟೋ ಜನರ ಬಾಡಿಗೆ, ಗ್ಯಾಸು, ಮೊಬೈಲ್ ರೀಚಾರ್ಜು ನಡೆಯುವುದು ಮದುವೆ ಮನೆಗಳಲ್ಲಿ ಬಡಿಸಿ. ಮಾಘದಿಂದ ಜ್ಯೇಷ್ಠದವರೆಗೆ ಪುರುಸೊತ್ತಿಲ್ಲದಷ್ಟು ಕೆಲಸ. ಆಷಾಢ ಬಂತೆಂದರೆ ಫೋನೇ ಇಲ್ಲ. ಕಾಲೇಜಿನ ಫೀಸು, ರೂಮಿನ ಅಡ್ವಾನ್ಸು, ಹೊಸ ಸೆಮಿಸ್ಟರಿನ ಪುಸ್ತಕ ಕೈಚಾಚುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಬಡಿಸುವುದರಲ್ಲೂ ಮೇಲುಕೆಳಗಿದೆ. ಹೊಸಬನಿಗೆ ಎಲೆ ಹಾಸುವುದು, ನೀರಿನ ಬಾಟಲಿ ಇಡುವುದು. ನಾಲ್ಕು ಮದುವೆಯಲ್ಲಿ ಪಳಗಿದ ಮೇಲೆ ಕೋಸಂಬರಿ, ಪಲ್ಯ. ಸಾರಿನ ಬಕೆಟ್ಟು ಕೈಗೆ ಬರಬೇಕಾದರೆ ರೇಷ್ಮೆ ಸೀರೆಯ ಮೇಲೆ ಹನಿ ಬೀಳಿಸುವುದಿಲ್ಲ ಎಂಬ ನಂಬಿಕೆ ಹುಟ್ಟಬೇಕು. ಸಿಹಿಯನ್ನು ಮಾತ್ರ ಮೇಸ್ತ್ರಿ ತನ್ನ ನಂಬಿಕೆಯವನ ಕೈಗೇ ಕೊಡುತ್ತಾನೆ, ಏಕೆಂದರೆ ಅಲ್ಲಿ ಎಣಿಕೆ ಇರುತ್ತದೆ. ಆರತಕ್ಷತೆಯ ಪಂಕ್ತಿ ಏಳೂವರೆಗೆ ಶುರುವಾದರೆ ಕೊನೆಯ ಎಲೆ ಎತ್ತುವಾಗ ಹನ್ನೊಂದು ದಾಟಿರುತ್ತದೆ. ರೂಮಿಗೆ ಹೋಗಿ ಬರುವ ಬದಲು ಅಲ್ಲೇ ಊಟದ ಹಾಲಿನಲ್ಲಿ ಜಮಖಾನ ಹಾಸಿ ಮಲಗುವುದು, ಬೆಳಿಗ್ಗೆ ಏಳಕ್ಕೆ ತಿಂಡಿ, ಮಧ್ಯಾಹ್ನ ಮುಹೂರ್ತದ ಊಟ. ಕೂಲಿ ಲೆಕ್ಕ ಹೊತ್ತಿಗಿಷ್ಟು. ಮದುವೆಯೊಂದರಲ್ಲಿ ಕೈ ತೊಳೆಯುವ ಕಡೆ ನಿಂತಿದ್ದಾಗ ಒಬ್ಬನನ್ನು ಕೇಳಿದೆ, ಈವತ್ತು ಕ್ಲಾಸಿರಲಿಲ್ವೇನಪ್ಪ ಅಂತ. ‘ಇತ್ತು ಸಾರ್. ಲ್ಯಾಬೂ ಇತ್ತು. ಮುಹೂರ್ತ ಭಾನುವಾರವೇ ಬಂದ್ರೆ ನಮಗೂ ಚೆಂದ, ಪಂಚಾಂಗ ಬರೆಯೋರು ಕೇಳ್ಬೇಕಲ್ಲ’ ಎಂದು ನಕ್ಕ.

ಅವನು ತಮಾಷೆಗೆ ಹೇಳಿದ್ದರಲ್ಲೇ ಇಡೀ ಸಮಸ್ಯೆಯ ಬೇರಿದೆ. ಹಳ್ಳಿ ಬಿಟ್ಟು ಬಂದು ದುಡಿದು ಓದುವವರಿಗೆ ನಾವು ಕೊಡುವ ಬುದ್ಧಿವಾದ ಒಂದೇ: ಟೈಮ್‌ಟೇಬಲ್ ಹಾಕಿಕೊಂಡು ಓದು, ಶಿಸ್ತಿರಲಿ. ಶಿಸ್ತು ಅವರಲ್ಲಿ ಬೇಕಾದಷ್ಟಿದೆ. ನಸುಕಿನಲ್ಲೆದ್ದು ಹಾಲು ಕರೆದು, ಡೇರಿಗೆ ಹಾಕಿ, ಬಸ್ಸು ಹಿಡಿದು ಪಿಯುಸಿ ಓದಿದವರಿಗೆ ಹೊತ್ತಿನ ಬೆಲೆಯನ್ನು ನಾವೇನೂ ಕಲಿಸಬೇಕಿಲ್ಲ. ತೊಡಕಿರುವುದು ಬೇರೆ ಕಡೆ. ಕೆಲಸ ವಾರಕ್ಕೆ ಎಷ್ಟು ಗಂಟೆ ಎಂಬುದಕ್ಕಿಂತ, ಆ ಗಂಟೆಗಳನ್ನು ಗೊತ್ತುಮಾಡುವವರು ಯಾರು ಎಂಬುದರ ಮೇಲೆ ಓದು ಉಳಿಯುವುದೂ ಬೀಳುವುದೂ ನಿಂತಿದೆ. ನನ್ನ ಮಟ್ಟಿಗೆ ಸಂಬಳ ಎರಡನೆಯ ಪ್ರಶ್ನೆ.

ಮೊದಲು ಓದಿನ ಲೆಕ್ಕ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ವರ್ಷದ ಕಲಿಕೆಯನ್ನು 40 ಕ್ರೆಡಿಟ್, 1,200 ಗಂಟೆ ಎಂದು ಎಣಿಸುತ್ತದೆ. ತರಗತಿ, ಪ್ರಯೋಗಾಲಯ, ಸ್ವಂತ ಓದು ಎಲ್ಲ ಸೇರಿ. ಸೆಮಿಸ್ಟರಿಗೆ 600 ಗಂಟೆ; ಪಾಠ ನಡೆಯುವ ಹದಿನೈದು ವಾರಕ್ಕೆ ಹಂಚಿದರೆ ವಾರಕ್ಕೆ 40. ಕರ್ನಾಟಕ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು 2024-25ರಿಂದ ಮೂರು ವರ್ಷಕ್ಕೆ ಮರಳಿದೆ, ಆದರೆ ಅದರಿಂದ ವಾರದ ಓದೇನೂ ಹಗುರಾಗಿಲ್ಲ. ಅಂದರೆ ಡಿಗ್ರಿ ಓದುವುದೇ ಒಂದು ಪೂರ್ಣಾವಧಿ ಕೆಲಸ. ಅದರ ಮೇಲೆ 20 ಗಂಟೆ ದುಡಿದರೆ ವಾರಕ್ಕೆ 60 ಆಯಿತು. ಅಂಗಡಿಯಲ್ಲಿ ಕೆಲಸ ಮಾಡುವವರನ್ನು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಅದೇ ಅಂಗಡಿಯಲ್ಲಿ ಸಂಜೆ ಹೊತ್ತು ಬಟ್ಟೆ ಮಡಚುವ ಬಿ.ಕಾಂ. ಹುಡುಗಿಯ ಹಗಲಿನ ನಲವತ್ತು ಗಂಟೆ ಯಾವ ಕಾಯ್ದೆಯ ಲೆಕ್ಕಕ್ಕೂ ಬರುವುದಿಲ್ಲ.

ಹೊರದೇಶಕ್ಕೆ ಓದಲು ಹೋದ ನಮ್ಮ ಮಕ್ಕಳಿಗೆ ಮಾತ್ರ ಇಂಥ ಲೆಕ್ಕ ಕಟ್ಟುನಿಟ್ಟು. ಬ್ರಿಟನ್ನಿನಲ್ಲಿ ಪದವಿ ಓದುವ ವಿದೇಶಿ ವಿದ್ಯಾರ್ಥಿ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ. ಕೆನಡಾದಲ್ಲಿ 2024ರ ನವೆಂಬರಿನಿಂದ ಕಾಲೇಜಿನ ಹೊರಗೆ 24. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48. ಅದು ಮಕ್ಕಳ ಮೇಲಿನ ಕರುಣೆಯಲ್ಲ, ವೀಸಾದ ಷರತ್ತು. ಆದರೂ ಇಪ್ಪತ್ತು ಗಂಟೆ ಎಂಬ ಗೆರೆ ನಮಗೂ ಒಂದು ಅಳತೆಯಾಗಿ ಒದಗುತ್ತದೆ. ಅದನ್ನು ದಾಟಿದ ವಾರಗಳು ಹೆಚ್ಚಾದಂತೆ ಏನು ಕರಗುತ್ತಿದೆ ಎಂದು ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಮೊದಲು ಹೋಗುವುದು ನಿದ್ದೆ, ಆಮೇಲೆ ಬೆಳಗಿನ ಮೊದಲ ತರಗತಿ.

ಈಗ ಕೆಲಸಗಳ ವಿಷಯಕ್ಕೆ ಬರೋಣ. ಪೇಪರ್ ಹಾಕುವ ಕೆಲಸ ನೋಡುವುದಕ್ಕೆ ಕಷ್ಟದ್ದು. ನಾಲ್ಕೂವರೆಗೆ ಬಂಡಲು ಇಳಿಯುವ ಜಾಗದಲ್ಲಿರಬೇಕು, ಬೀದಿದೀಪದ ಕೆಳಗೆ ಕುಕ್ಕರಗಾಲಲ್ಲಿ ಕೂತು ಪುರವಣಿ, ಪಾಂಪ್ಲೆಟ್ಟು ಸೇರಿಸಬೇಕು, ಮಳೆಯಾದರೆ ಪ್ಲಾಸ್ಟಿಕ್ ಸುತ್ತಬೇಕು. ರಜಾ ಎಂಬುದು ವರ್ಷದಲ್ಲಿ ನಾಲ್ಕಾರು ಹಬ್ಬಕ್ಕೆ. ಆದರೆ ಏಳಕ್ಕೆ ಮುಗಿಯಿತೆಂದರೆ ಮುಗಿಯಿತು. ಆ ಕೆಲಸ ಹನ್ನೊಂದಕ್ಕೆ ಫೋನ್ ಮಾಡಿ ‘ಬಾ’ ಎನ್ನುವುದಿಲ್ಲ. ನಾಳೆ, ನಾಡಿದ್ದು, ಪರೀಕ್ಷೆಯ ದಿನ ಎಲ್ಲ ಅದೇ ಹೊತ್ತು. ರಾತ್ರಿ ಒಂಬತ್ತೂವರೆಗೆ ಮಲಗಲೇಬೇಕಾದವನನ್ನು ಉಳಿದ ಮೂವರು ರೂಮಿನಲ್ಲಿ ಮಲಗಲು ಬಿಡಬೇಕು, ಅಷ್ಟೇ ಅಡಚಣೆ. ಈ ಪುಟ ನಿಮ್ಮ ಬಾಗಿಲಿಗೆ ಬಂದದ್ದೂ ಅಂಥ ಒಬ್ಬನ ಕೈಯಿಂದಲೇ ಇದ್ದೀತು. ತಿಂಗಳ ಬಿಲ್ಲಿಗೆ ಬಂದಾಗ ಯಾವ ಸೆಮಿಸ್ಟರ್ ಎಂದು ಒಮ್ಮೆ ವಿಚಾರಿಸಿ ನೋಡಿ.

ಊಟ ತಲುಪಿಸುವ ಆ್ಯಪಿನ ಕೆಲಸ ಇದಕ್ಕೆ ತದ್ವಿರುದ್ಧ. ನಿನಗೆ ಬೇಕಾದಾಗ ಲಾಗಿನ್ ಆಗು, ಬೇಡವಾದಾಗ ಬಿಡು ಎಂಬುದು ಅದರ ಆಕರ್ಷಣೆ. ಓದುವ ಹುಡುಗನಿಗೆ ಇನ್ನೇನು ಬೇಕು ಎನಿಸುತ್ತದೆ. ಆದರೆ ಜನ ಊಟ ತರಿಸುವುದು ಮಧ್ಯಾಹ್ನ ಹನ್ನೆರಡರಿಂದ ಮೂರು, ರಾತ್ರಿ ಏಳರಿಂದ ಹನ್ನೊಂದು. ಮೊದಲನೆಯದು ತರಗತಿಯ ಹೊತ್ತು, ಎರಡನೆಯದು ಓದಿನ ಹೊತ್ತು. ಬಿಡುವಿದ್ದಾಗ ಹೋದರೆ ಆರ್ಡರಿಲ್ಲ, ಆರ್ಡರಿದ್ದಾಗ ಬಿಡುವಿಲ್ಲ. ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಇನ್ಸೆಂಟಿವ್ ಎಂಬ ಏಣಿ ಬೇರೆ. ಇನ್ನೆರಡು ಬಾಕಿ ಇರುವಾಗ ಎದ್ದು ಬರಲು ಯಾರಿಗೆ ಮನಸ್ಸಾಗುತ್ತದೆ? ಬೈಕಿನ ಕಂತು, ಪೆಟ್ರೋಲು, ಸರ್ವಿಸ್ಸು ಅವನದೇ. ಕಂತು ಕಟ್ಟಲೆಂದೇ ಹೆಚ್ಚು ಓಡಿಸುವ ದಿನ ಬರುತ್ತದೆ. ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕರ್ನಾಟಕ ಕಾಯ್ದೆಯನ್ನೇ ತಂದಿತು. ಕಾರ್ಮಿಕನಿಗೆ ಕೊಡುವ ಹಣದ ಶೇ 1ರಿಂದ 5ರವರೆಗಿನ ಮೊತ್ತವನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಅಪಘಾತಕ್ಕೆ, ಆರೋಗ್ಯಕ್ಕೆ ಅದು ಒದಗೀತು, ಒಳ್ಳೆಯದೇ. ಬಿದ್ದುಹೋದ ಸೆಮಿಸ್ಟರಿಗೆ ಒದಗುವುದಿಲ್ಲ.

ಹಾಗಾಗಿ ಸಂಬಳ ಕೇಳುವ ಮೊದಲು ಕೇಳಬೇಕಾದದ್ದು: ಮುಂದಿನ ವಾರದ ನನ್ನ ಹೊತ್ತು ಈ ವಾರವೇ ಗೊತ್ತಾಗುತ್ತದೆಯೇ? ಪರೀಕ್ಷೆಯ ಹದಿನೈದು ದಿನ ಬಿಟ್ಟರೆ ಜಾಗ ಉಳಿಯುತ್ತದೆಯೇ? ಔಷಧಿ ಅಂಗಡಿಯ ಸಂಜೆ ಪಾಳಿ, ಜೆರಾಕ್ಸ್ ಅಂಗಡಿ, ಮನೆಪಾಠ ಇವಕ್ಕೆಲ್ಲ ಸಾಮಾನ್ಯವಾಗಿ ಹೌದೆಂಬ ಉತ್ತರ ಸಿಗುತ್ತದೆ. ಮನೆಪಾಠದ ವಿಷಯದಲ್ಲಿ ಹಳ್ಳಿಯ ಮಕ್ಕಳು ವಿನಾಕಾರಣ ಹಿಂಜರಿಯುತ್ತಾರೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ನಾವೇನು ಹೇಳಿಕೊಡುವುದು ಎಂಬ ಅಳುಕು. ಕನ್ನಡ ಹೇಳಿಕೊಡಬಹುದು! 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಕಲಿಯಲೇಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒತ್ತಕ್ಷರಕ್ಕೆ ತಡಕಾಡುವ ಮಕ್ಕಳಿದ್ದಾರೆ, ಹೇಳಿಕೊಡಲು ಬಾರದ ತಂದೆತಾಯಿ ಇದ್ದಾರೆ. ಊರಿನ ಸರ್ಕಾರಿ ಶಾಲೆಯಲ್ಲಿ ಕಲಿತ ಕಾಗುಣಿತಕ್ಕೆ ಗಂಟೆಯ ಲೆಕ್ಕದಲ್ಲಿ ಬೆಲೆ ಬಂದಿರುವುದು ಈಗ.

ಹಾಜರಾತಿಯದು ಇನ್ನೊಂದು ಉರುಳು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ಪೇಪರಿಗೂ ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅರವತ್ತು ತರಗತಿ ನಡೆದರೆ ಹದಿನೈದಕ್ಕೆ ತಪ್ಪಿಸಿಕೊಳ್ಳಬಹುದು. ಜ್ವರಕ್ಕೊಂದಿಷ್ಟು, ಮಾರಿಹಬ್ಬಕ್ಕೊಂದಿಷ್ಟು, ಕೊಯ್ಲಿಗೆ ಆಳು ಸಿಗದೆ ಅಪ್ಪ ಕರೆದದ್ದಕ್ಕೊಂದಿಷ್ಟು ಎಂದು ಕಳೆದರೆ ಕೆಲಸಕ್ಕೆ ಉಳಿಯುವುದು ಏಳೆಂಟು. ದುಡ್ಡಿನ ಹಾಗೆ ಇದನ್ನೂ ಎಣಿಸಿ ಖರ್ಚು ಮಾಡಬೇಕು. ಎಷ್ಟೋ ಮಕ್ಕಳಿಗೆ ತಮ್ಮ ಲೆಕ್ಕ ಗೊತ್ತಾಗುವುದು ನೋಟಿಸ್ ಬೋರ್ಡಿನಲ್ಲಿ ಶಾರ್ಟೇಜ್ ಪಟ್ಟಿ ಹಾಕಿದ ದಿನ.

ಹಿಂದಿನವರು ಹೇಗೆ ಓದಿದರು ಎಂಬ ಮಾತು ಇಂಥ ಕಡೆ ಬಂದೇ ಬರುತ್ತದೆ. ನಾವೆಲ್ಲ ವಾರಾನ್ನ ಉಂಡು ಓದಲಿಲ್ಲವೇ ಎನ್ನುವ ಅಜ್ಜಂದಿರು ಇನ್ನೂ ಇದ್ದಾರೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು; ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಿಂದ ಬಂದ ಎಸ್.ಎಲ್. ಭೈರಪ್ಪನವರ ‘ಭಿತ್ತಿ’ಯಲ್ಲಿ ಆ ಬದುಕಿನ ಹಸಿವೂ ಅವಮಾನವೂ ದಾಖಲಾಗಿವೆ. ವಾರಾನ್ನ ಜಾತಿಯ ಹೊಸ್ತಿಲೊಳಗಿನ ವ್ಯವಸ್ಥೆ, ಎಲ್ಲರಿಗೂ ದಕ್ಕುವಂಥದ್ದಲ್ಲ. ದಕ್ಕದವರಿಗೆ ಹಾಸ್ಟೆಲುಗಳು ಬಂದವು. ಮಾಗಡಿ ಕಡೆಯ ಮಂಚನಬೆಲೆಯ ಸಿದ್ಧಲಿಂಗಯ್ಯನವರು ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದವರು. ಎಪ್ಪತ್ತರ ದಶಕದ ದಲಿತ ಚಳವಳಿ ಬೆಳೆದದ್ದರಲ್ಲಿ ಇಂಥ ಹಾಸ್ಟೆಲುಗಳ ಪಾಲು ದೊಡ್ಡದು. ತುಮಕೂರಿನ ಸಿದ್ಧಗಂಗೆಯಂಥ ಮಠಗಳು ಸಾವಿರಾರು ಮಕ್ಕಳನ್ನು ಇಟ್ಟುಕೊಂಡು ಓದಿಸಿದವು. ಇವೆಲ್ಲದರ ಗುಣದೋಷ ಏನೇ ಇರಲಿ, ಅನ್ನ ಹಾಕಿದವರು ಹುಡುಗರ ಹೊತ್ತನ್ನು ಬೆಲೆಯಾಗಿ ಕೇಳಲಿಲ್ಲ. ಊಟ ಮುಗಿದ ಮೇಲೆ ಹುಡುಗನಿಗೆ ರಾತ್ರಿ ಉಳಿಯುತ್ತಿತ್ತು. ಓದುವುದಕ್ಕೆ, ವಾದ ಮಾಡುವುದಕ್ಕೆ, ಕವಿತೆ ಬರೆಯುವುದಕ್ಕೆ. ಈಗಿನ ನಗರ ಕೈಗೆ ಕಾಸು ಕೊಟ್ಟು ಆ ರಾತ್ರಿಯನ್ನು ಕೊಳ್ಳುತ್ತದೆ. ‘ನಮ್ಮ ಕಾಲದಲ್ಲಿ’ ಎನ್ನುವವರು ಈ ವ್ಯತ್ಯಾಸ ಮರೆಯುತ್ತಾರೆ.

ಧಾರವಾಡದ ಕಡೆ ಇನ್ನೊಂದು ಏರ್ಪಾಡಿದೆ. ಸಪ್ತಾಪುರದ ರೂಮುಗಳಲ್ಲಿರುವ ಮಕ್ಕಳಿಗೆ ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತದೆ. ಹೆಸರು, ನಂಬರು ಬರೆದ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ. ಅವ್ವ ನಸುಕಿನಲ್ಲಿ ಎದ್ದು ಬಡಿದು ಕಟ್ಟಿದ್ದು. ಖಾನಾವಳಿಯ ದುಡ್ಡು ಉಳಿಯಿತು ಎಂದಷ್ಟೇ ನಾವು ಅಂದುಕೊಳ್ಳುತ್ತೇವೆ. ಸ್ಟೋವಿನ ಮುಂದೆ ಕಳೆಯಬೇಕಿದ್ದ ದಿನದ ಒಂದೂವರೆ ಎರಡು ಗಂಟೆಯೂ ಉಳಿಯಿತು. ಮಗನ ಹೊತ್ತು ಉಳಿಸಲು ಅವ್ವ ತನ್ನ ಹೊತ್ತು ಹಾಕಿದಳು.

ಆದ್ದರಿಂದ ನನ್ನ ಸಲಹೆ ಕೆಲಸ ಹುಡುಕುವುದಕ್ಕೆ ಮೊದಲು ಹಾಸ್ಟೆಲ್ ಸೀಟು ಹುಡುಕಿ ಎಂದು. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲಿನ ಒಂದು ಸೀಟು ಯಾವ ಅರೆಕಾಲಿಕ ಸಂಬಳಕ್ಕಿಂತಲೂ ದೊಡ್ಡದು, ಏಕೆಂದರೆ ಅದು ಊಟದ ಜೊತೆ ಹೊತ್ತನ್ನೂ ಕೊಡುತ್ತದೆ. ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಯೋಜನೆ ಬಂದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಎಂದು ಗೊತ್ತುಮಾಡಿದ್ದರು. ರೈತರ ಮಕ್ಕಳಿಗೆ 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದು ನಿಗದಿಯಾಯಿತು. ಇವು ಕೈತಪ್ಪುವುದು ಬಹುತೇಕ ಸಣ್ಣ ಕಾರಣಕ್ಕೆ. ನಾಡಕಚೇರಿಯ ಜಾತಿ-ಆದಾಯ ಪತ್ರದ ಆರ್.ಡಿ. ನಂಬರು ಹಳೆಯದಾಗಿರುತ್ತದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದ್ದು ಅಪ್ಪನಿಗೆ ರೈತನೆಂಬ ಗುರುತಿನ ಸಂಖ್ಯೆಯೇ ಇರುವುದಿಲ್ಲ. ಪಿಯುಸಿ ಫಲಿತಾಂಶಕ್ಕೆ ಕಾಯುವ ದಿನಗಳಲ್ಲೇ ಈ ಕಾಗದಪತ್ರ ಸರಿಮಾಡಿಕೊಂಡವರು ಗೆದ್ದರು. ದುಡ್ಡು ತಡವಾಗಿ ಬರುತ್ತದೆ ಎಂಬ ದೂರು ನಿಜ. ಅದು ತಿಂಗಳ ಬಾಡಿಗೆಗೆ ಆಗದು, ಮುಂದಿನ ವರ್ಷದ ಫೀಸಿಗೆ ಆದೀತು.

ಹುಡುಗಿಯರ ಲೆಕ್ಕ ಬೇರೆ. ಅವರ ಹಾಸ್ಟೆಲಿನ, ಪಿ.ಜಿ.ಯ ಗೇಟು ಹುಡುಗರದಕ್ಕಿಂತ ಬೇಗ ಮುಚ್ಚುತ್ತದೆ, ಹಾಗಾಗಿ ಸಂಜೆಯ ಕೆಲಸವೆಲ್ಲ ಕೈಬಿಟ್ಟಂತೆಯೇ. ಆದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಂಜನಗೂಡು, ಟಿ. ನರಸೀಪುರ, ಹುಣಸೂರಿನ ಹುಡುಗಿಯರಿಗೆ ಮೈಸೂರಿನಲ್ಲಿ ರೂಮು ಮಾಡಲೇಬೇಕೆಂಬ ಒತ್ತಡ ತಗ್ಗಿದೆ. ಬಾಡಿಗೆ ಉಳಿದರೆ ಬಾಡಿಗೆಗಾಗಿ ದುಡಿಯುವುದೂ ಉಳಿಯಿತು. ಬದಲಿಗೆ ಬಸ್ಸಿನಲ್ಲಿ ಹೋಗುವ ಮೂರು ಗಂಟೆ, ಮನೆಗೆ ಹೋದ ಮೇಲೆ ಕಾಯುವ ಪಾತ್ರೆ, ಕೊಟ್ಟಿಗೆ. ಆ ಕೆಲಸಕ್ಕೆ ಸಂಬಳವೂ ಇಲ್ಲ, ಇಂತಿಷ್ಟೇ ಹೊತ್ತು ಎಂಬುದೂ ಇಲ್ಲ. ಮನೆಯಿಂದ ಓಡಾಡುವ ಹುಡುಗಿ ಆರಾಮಾಗಿದ್ದಾಳೆ ಎಂದುಕೊಳ್ಳುವ ಅಧ್ಯಾಪಕರು ಇದನ್ನೂ ಎಣಿಸಬೇಕು.

ಮನೆಯವರಿಗೂ ಎರಡು ಮಾತು. ಮಗ ದುಡಿಯುತ್ತಾನೆಂದು ಗೊತ್ತಾದ ಕೂಡಲೇ ಸಂಘದ ಸಾಲದ ಕಂತು, ತಂಗಿಯ ಫೀಸು ಅವನ ಕಡೆ ತಿರುಗುತ್ತದೆ. ಕೇಳಬಾರದೆಂದಲ್ಲ, ಬಡತನದಲ್ಲಿ ಕೇಳದೆ ಇರುವುದು ಹೇಗೆ? ಆದರೆ ಒಂದು ತಿಂಗಳು ಕಳಿಸಿದ್ದು ಮರುತಿಂಗಳು ವಾಡಿಕೆಯಾಗುತ್ತದೆ, ವಾಡಿಕೆ ಉಳಿಸಲು ಅವನು ಇನ್ನೊಂದು ಪಾಳಿ ಹಿಡಿಯುತ್ತಾನೆ. ‘ಪರೀಕ್ಷೆ ತಿಂಗಳು ಕಳ್ಸೋಕಾಗಲ್ಲ ಕಣಪ್ಪ’ ಎಂದು ಮೊದಲೇ ಹೇಳಿಬಿಡುವುದು ಇಬ್ಬರಿಗೂ ಕ್ಷೇಮ.

ಕಾಲೇಜುಗಳ ಪಾಲೂ ಇದೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗ ನಡೆಯುವುದು ಅತಿಥಿ ಉಪನ್ಯಾಸಕರಿಂದ. ಅವರ ನೇಮಕ ತಡವಾದರೆ ವೇಳಾಪಟ್ಟಿ ವಾರಕ್ಕೊಮ್ಮೆ ಬದಲಾಗುತ್ತದೆ. ಹತ್ತಕ್ಕಿದ್ದ ತರಗತಿ ಎರಡಕ್ಕೆ ಹೋದರೆ ಉಪನ್ಯಾಸಕರಿಗೆ ಸಣ್ಣ ಹೊಂದಾಣಿಕೆ, ಔಷಧಿ ಅಂಗಡಿಯಲ್ಲಿ ಎರಡಕ್ಕೆ ಹಾಜರಿ ಹಾಕಬೇಕಾದ ಹುಡುಗನಿಗೆ ಕೆಲಸವೇ ಹೋಗುವ ಸಂಗತಿ. ಪಕ್ಕದ ಮಹಾರಾಷ್ಟ್ರದಲ್ಲಿ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ, ಗಳಿಸುತ್ತಾ ಕಲಿಯುವುದನ್ನು ಶಿಕ್ಷಣದ ಭಾಗವನ್ನಾಗಿಯೇ ಮಾಡಿದರು. ಅವರ ಹೆಸರಿನಲ್ಲಿ ಪುಣೆ ವಿಶ್ವವಿದ್ಯಾಲಯ ಗಳಿಸು-ಕಲಿ ಯೋಜನೆ ನಡೆಸುತ್ತದೆ. ಗ್ರಂಥಾಲಯ, ಕಚೇರಿ, ತೋಟದಲ್ಲಿ ವಿದ್ಯಾರ್ಥಿಗೆ ಗಂಟೆಯ ಲೆಕ್ಕದ ಕೆಲಸ. ಅಲ್ಲಿ ಕೂಲಿ ಕಡಿಮೆಯಿದ್ದರೂ ಕೆಲಸ ಕೊಟ್ಟವರಿಗೇ ತರಗತಿಯ ಹೊತ್ತು ಗೊತ್ತಿರುತ್ತದೆ. ನಮ್ಮ ವಿಶ್ವವಿದ್ಯಾಲಯಗಳು ಇದನ್ನು ದೊಡ್ಡದಾಗಿ ಕೈಗೆತ್ತಿಕೊಳ್ಳಲು ಹೊಸ ಕಾಯ್ದೆಯೇನೂ ಬೇಕಿಲ್ಲ.

ಕೆಲವರಿಗೆ ಇದ್ಯಾವುದೂ ಆಗದು. ಅಪ್ಪ ಹಾಸಿಗೆ ಹಿಡಿದಿದ್ದಾರೆ, ಸಾಲ ಬೆಳೆದಿದೆ, ವಾರಕ್ಕೆ ನಲವತ್ತೆಂಟು ಗಂಟೆ ದುಡಿಯದೆ ಗತಿಯಿಲ್ಲ. ಅಂಥವರು ರೆಗ್ಯುಲರ್ ಕಾಲೇಜಿನಲ್ಲಿ ಹೆಸರಿಟ್ಟುಕೊಂಡು ಶಾರ್ಟೇಜಿನ ಜೊತೆ ಗುದ್ದಾಡುವುದರಲ್ಲಿ ಅರ್ಥವಿಲ್ಲ. ಬೆಂಗಳೂರಿನಲ್ಲಿದ್ದರೆ ಸಂಜೆ ಕಾಲೇಜುಗಳಿವೆ. ಉಳಿದ ಕಡೆ 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಮಧ್ಯೆ ಮಾನ್ಯತೆ ಕಳೆದುಕೊಂಡ ಅದರ ಬಗ್ಗೆ ಊರುಗಳಲ್ಲಿ ಇನ್ನೂ ಅನುಮಾನದ ಮಾತು ಕೇಳಿಬರುತ್ತದೆ. 2018ರಲ್ಲಿ ಮಾನ್ಯತೆ ಮರಳಿದೆ. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಗೆಳೆಯರ ಗುಂಪು, ಲೈಬ್ರರಿಯ ಸಂಜೆ, ಮೇಷ್ಟ್ರ ಜೊತೆ ಕ್ಯಾಂಟೀನಿನ ಹರಟೆ ಅಲ್ಲಿ ಸಿಗುವುದಿಲ್ಲ, ಆ ನಷ್ಟ ಸಣ್ಣದೆಂದು ನಾನು ಹೇಳಲಾರೆ. ಪ್ರವೇಶ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಜುಲೈ ಸರದಿ ತಪ್ಪಿದವರು ಜನವರಿ ಸರದಿಗೆ ಅರ್ಜಿ ಹಾಕಬಹುದು.